ಟಿ-ನೋಲ್ ನೆಲಕ್ಕಿಟ್ಟ ಚೆಂಡು

ಸೇಂಟ್ ಒಡಿಲ್‌ನವರು ಬೇಸಿಗೆಯಲ್ಲಿ ಭತ್ತ ಬೆಳೆಯುತ್ತಾರೆ. ಕೊಯ್ಲು ಮುಗಿದ ಗದ್ದೆಗೆ ಮತ್ತೆ ನೀರು ಕಟ್ಟಿ ಚಳಿಗಾಲಕ್ಕೆ ಕೆಸರು ಸೀಗಡಿ ಬೆಳೆಯುತ್ತಾರೆ. ಲೂಯಿಸಿಯಾನದ ಆ ಮೂಲೆಯಲ್ಲಿ ಅನ್ನ ಉಣ್ಣದೆ ಊಟವಾಯಿತು ಎನ್ನುವವನನ್ನು ಅನುಮಾನದಿಂದಲೇ ನೋಡುತ್ತಾರೆ. ಬೆಳಗಿನ ಹೊತ್ತು ಆ ಗದ್ದೆಗಳ ಕಡೆ ಹೋದರೆ ಚಪ್ಪಟೆ ದೋಣಿಯೊಂದರಲ್ಲಿ ಕೂತು, ನೀರಿನಿಂದ ಒಂದೊಂದೇ ಬಲೆಗೂಡು ಎತ್ತಿ ಸೀಗಡಿ ಸುರಿದುಕೊಳ್ಳುವ ನೋಲನ್ ಲಮೆಲ್ ಕಾಣಿಸುತ್ತಾನೆ. ವಯಸ್ಸು ಐವತ್ತು ದಾಟಿದೆ, ಹೊಟ್ಟೆ ಬಂದಿದೆ, ಎಡಗೈಯ ಎರಡು ಬೆರಳು ಮುರಿದು ಡೊಂಕಾಗಿಯೇ ಕೂಡಿಕೊಂಡಿವೆ. ಊರವರಿಗೆ ಅವನು ಟಿ-ನೋಲ್. ಅಪ್ಪನ ಹೆಸರೂ ನೋಲನ್ ಆದ್ದರಿಂದ ಮಗ ಚಿಕ್ಕ ನೋಲ್. ಅಲ್ಲಿಯ ಹಳೆಯ ಫ್ರೆಂಚಿನಲ್ಲಿ ಚಿಕ್ಕವರ ಹೆಸರಿನ ಮುಂದೆ ಒಂದು 'ಟಿ' ಅಂಟಿಸುವುದು ರೂಢಿ. ಅಪ್ಪ ತೀರಿಕೊಂಡು ವರ್ಷಗಳೇ ಆದವು. ಆದರೂ ಚಿಕ್ಕವನು ಚಿಕ್ಕವನೇ.

ಹೊರಗಿನವರು ಯಾರಾದರೂ ಬಂದು, ನೀನು ಫುಟ್‌ಬಾಲ್ ಆಡುತ್ತಿದ್ದೆಯಂತೆ ಹೌದೇ ಎಂದು ಕೇಳಿದರೆ, ಆಡಿದ್ದೆ ಸ್ವಲ್ಪ ದಿನ ಎಂದು ಹೇಳಿ ಬಲೆಗೂಡಿನ ಕಡೆ ತಿರುಗುತ್ತಾನೆ. ಪೂರ್ತಿ ಕತೆ ಬೇಕಾದರೆ ಯೂಸೆಬ್‌ನ ಅಂಗಡಿಗೆ ಹೋಗಬೇಕು. ಅಲ್ಲಿ ಕೇಳುವ ಮೊದಲೇ ಹೇಳುತ್ತಾರೆ.

ಟಿ-ನೋಲ್‌ನನ್ನು ಬೆಳೆಸಿದವಳು ಒಲಿಟ್. ಚರ್ಚಿನಲ್ಲಿ ಹೆಸರಿಡುವ ದಿನ ಮಗುವನ್ನು ಎತ್ತಿಕೊಂಡು ನಿಂತ ಹೆಂಗಸನ್ನು ಆ ಊರಿನಲ್ಲಿ 'ನಾನನ್' ಎನ್ನುತ್ತಾರೆ; ತಾಯಿಯ ಅರ್ಧ ಹಕ್ಕು ಅವಳದು. ನಾನನ್ ಒಲಿಟ್ ಮಾತ್ರ ಅರ್ಧಕ್ಕೆ ತೃಪ್ತಳಾದವಳಲ್ಲ. ಟಿ-ನೋಲ್‌ನ ಅಪ್ಪ ಕಡಲ ನಡುವಿನ ಎಣ್ಣೆ ಬಾವಿಯಲ್ಲಿ ಪೈಪು ಜೋಡಿಸುತ್ತಿದ್ದ, ಅಮ್ಮ ಅಲ್ಲೇ ಅಡುಗೆ ಮಾಡುತ್ತಿದ್ದಳು. ಅರ್ಧ ತಿಂಗಳು ಅವರು ಕಡಲ ಮೇಲೆ. ಹಾಗಾಗಿ ಹುಡುಗ ಉಂಡದ್ದು, ಮಲಗಿದ್ದು, ಬೈಸಿಕೊಂಡದ್ದು ಎಲ್ಲ ನಾನನ್ ಮನೆಯಲ್ಲಿ. ಮುದ್ದು ಬಂದಾಗ ಅವಳು ಅವನನ್ನು 'ಷಾ' ಎಂದು ಕರೆಯುತ್ತಿದ್ದಳು. ಸಿಟ್ಟು ಬಂದಾಗ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಎಲ್ಲವೂ ಬರುತ್ತಿದ್ದವು.

ಆ ಮನೆಯಲ್ಲಿ ಕೋಳಿಗಳ ರಾಜ್ಯ. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಮನೆಯ ಅಡಿಯಲ್ಲಿ, ಹಳೇ ಟ್ರ್ಯಾಕ್ಟರಿನ ಸೀಟಿನಲ್ಲಿ, ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ, ಎಲ್ಲೆಂದರಲ್ಲಿ ಮೊಟ್ಟೆ. ಅವನ್ನು ಹುಡುಕಿ ಅಂಗಿಯ ಮಡಿಲಲ್ಲಿ ತುಂಬಿಕೊಂಡು ಬರುವುದು ಟಿ-ನೋಲ್‌ನ ಕೆಲಸ. ಎಸೆದರೆ ಕೆನ್ನೆಗೆ ಬೀಳುತ್ತಿತ್ತು. ಬಗ್ಗು, ಇಡು, ಆಮೇಲೆ ಕೈ ಬಿಡು ಎಂದು ನಾನನ್ ದಿನಾ ಜಪ ಮಾಡಿ ಮಾಡಿ, ಕೊನೆಗೆ ಆ ಹುಡುಗ ಚಮಚವನ್ನೂ ಸದ್ದಾಗದಂತೆ ಇಡುವವನಾದ. ಶಾಲೆಯ ಚೀಲವನ್ನೂ ಹಾಗೇ ಇಡುತ್ತಿದ್ದ.

ಮೊಟ್ಟೆಯ ಕತೆ ಹೀಗಾದರೆ ಕೋಳಿಯ ಕತೆ ಬೇರೆ. ನಲವತ್ತು ದಿನದ ಉಪವಾಸ ಶುರುವಾಗುವ ಹಿಂದಿನ ದಿನ ಊರ ಗಂಡಸರು ಚಿಂದಿ ಬಟ್ಟೆ ತೊಟ್ಟು, ಮುಖವಾಡ ಹಾಕಿ, ಕುದುರೆ ಏರಿ ಮನೆ ಮನೆಗೆ ಹೋಗುತ್ತಾರೆ. ಮನೆಯವರು ಜೀವಂತ ಕೋಳಿಯೊಂದನ್ನು ಅಂಗಳದಲ್ಲಿ ಹಾರಿಬಿಡುತ್ತಾರೆ. ಮುಖವಾಡದವರು ಕೆಸರು, ಬೇಲಿ, ಕಾಲುವೆ ಏನನ್ನೂ ನೋಡದೆ ಅದನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯಬೇಕು. ಸಂಜೆ ಆ ಕೋಳಿಗಳೆಲ್ಲ ಸೇರಿ ಊರಿಗೆ ಒಂದೇ ಹಂಡೆಯಲ್ಲಿ ಗಂಬೊ ಆಗುತ್ತವೆ. ಹಿಟ್ಟನ್ನು ಕಪ್ಪಗೆ ಹುರಿದು ಮಾಡುವ ಆ ಸಾರನ್ನು ಅನ್ನಕ್ಕೆ ಸುರಿದುಕೊಂಡು ಉಣ್ಣುವಾಗ ಯಾರಿಗೂ ಯಾರ ಮೇಲೂ ಹಗೆಯಿರುವುದಿಲ್ಲ. ಮುಖವಾಡವಿಲ್ಲದೆ ಬಿಳಿ ಬಾವುಟ ಹಿಡಿದು ಮುಂದೆ ಹೋಗುವವನು ಕ್ಯಾಪ್ಟನ್. ಆ ಕಾಲಕ್ಕೆ ಕ್ಯಾಪ್ಟನ್ ಎಂದರೆ ಅಂಗಡಿಯ ಯೂಸೆಬ್. ಅವನದು ಒಂದೇ ಕಟ್ಟಳೆ. ಹಿಡಿದ ಕೋಳಿ ತನ್ನ ಕೈಗೆ ಬರಬೇಕು. ಬಿದ್ದವನು, ಗಾಯವಾದವನು, ಹಲ್ಲು ಮುರಿದವನು, ಯಾರೇ ಆಗಲಿ, ಕೋಳಿಯನ್ನು ನೆಲಕ್ಕಿಟ್ಟು ಬಂದರೆ ಆ ವರ್ಷ ಅವನ ಹೆಸರಿನಲ್ಲಿ ಗೇಲಿಯ ಹಾಡು ಕಟ್ಟುತ್ತಿದ್ದರು.

"ಕ್ಯಾಪ್ಟನ್ ಕೈಗೆ ಬರೋ ತನಕ ಅದು ಕೋಳಿ ಅಲ್ಲ, ಹಾರೋ ಹಕ್ಕಿ" ಎನ್ನುವುದು ಯೂಸೆಬ್‌ನ ಮಾತು.

ಟಿ-ನೋಲ್‌ಗೆ ಮೀಸೆ ಮೊಳೆಯುವ ಹೊತ್ತಿಗೆ ಅವನ ಮುಂದೆ ಹಾರಿ ತಪ್ಪಿಸಿಕೊಂಡ ಕೋಳಿ ಊರಿನಲ್ಲಿ ಇರಲಿಲ್ಲ. ಕೋಳಿ ಹಿಡಿಯುವ ಕೈಗೆ ಚೆಂಡು ಹಿಡಿಯುವುದು ಒಂದು ಲೆಕ್ಕವೇ? ಹೆಸರಿಗೆ ಫುಟ್‌ಬಾಲ್, ಆ ದೇಶದಲ್ಲಿ ಅದನ್ನು ಬಹುಪಾಲು ಆಡುವುದು ಕೈಯಲ್ಲಿ. ಒಬ್ಬ ದೂರದಿಂದ ಎಸೆಯುತ್ತಾನೆ, ಇನ್ನೊಬ್ಬ ಓಡುತ್ತ ಹಿಡಿಯುತ್ತಾನೆ, ಎದುರಾಳಿಗಳು ಹಿಡಿದವನನ್ನು ಕೆಡವುತ್ತಾರೆ. ಟಿ-ನೋಲ್ ಹಿಡಿಯುವವನಾದ. ಶಾಲೆ ಮುಗಿಸಿ ರಾಜಧಾನಿಯ ದೊಡ್ಡ ಕಾಲೇಜಿಗೆ ಹೋದ. ಅಲ್ಲಿ ಶನಿವಾರ ಬಂತೆಂದರೆ ಮೈದಾನಕ್ಕೆ ಸೇರುವ ಜನ ಸೇಂಟ್ ಒಡಿಲ್‌ನಂಥ ಐವತ್ತು ಊರು ತುಂಬಿಸಲು ಸಾಕು.

ಅಲ್ಲಿ ಅವನ ಹೆಸರು ಹಬ್ಬಿಸಿದ್ದು ಬರೀ ಹಿಡಿತವಲ್ಲ. ಚೆಂಡು ಹಿಡಿದು ನೆಲಕ್ಕೆ ಬಿದ್ದ ಮೇಲೆ ಬೇರೆಯವರು ಅದನ್ನು ನೆಲಕ್ಕೆ ಬಡಿಯುತ್ತಿದ್ದರು, ಗಾಳಿಗೆ ಎಸೆಯುತ್ತಿದ್ದರು, ಎದೆ ಬಡಿದುಕೊಂಡು ಕುಣಿಯುತ್ತಿದ್ದರು. ಟಿ-ನೋಲ್ ಎದ್ದು, ಬಗ್ಗಿ, ಚೆಂಡನ್ನು ಹುಲ್ಲಿನ ಮೇಲೆ ಮೆಲ್ಲಗೆ ಇಟ್ಟು, ಕೈ ಬಿಟ್ಟು, ಬೆನ್ನು ತಿರುಗಿಸಿ ನಡೆಯುತ್ತಿದ್ದ. ಮೊದಮೊದಲು ಜನ ನಕ್ಕರು. ಆಮೇಲೆ ಅವನು ಬಗ್ಗಿದೊಡನೆ ಇಡೀ ಮೈದಾನ ಉಸಿರು ಹಿಡಿದು, ಅವನು ಕೈ ಬಿಟ್ಟೊಡನೆ ಒಟ್ಟಿಗೆ ಚಪ್ಪಾಳೆ ತಟ್ಟುವುದು ರೂಢಿಯಾಯಿತು. ಊರಿನ ಪಾದ್ರಿ ಅದನ್ನೇ ಹಿಡಿದು ವಿನಯದ ಬಗ್ಗೆ ಒಂದು ಭಾನುವಾರ ಪ್ರಸಂಗವನ್ನೇ ಮಾಡಿಬಿಟ್ಟರು. ನಾನನ್ ಮೊದಲ ಬೆಂಚಿನಲ್ಲಿ ಹೊಸ ಟೋಪಿ ಹಾಕಿ ಕೂತಿದ್ದಳು. ಆ ಇಡೀ ವಾರ ಅವಳು ಯಾರ ಜೊತೆಗೂ ಜಗಳವಾಡಲಿಲ್ಲ. ಊರವರಿಗೆ ಅದೇ ದೊಡ್ಡ ಪವಾಡವಾಗಿ ಕಂಡಿತು.

ಕಾಲೇಜಿನ ಆಟದಲ್ಲಿ ಒಂದು ನಿಯಮವಿದೆ. ಚೆಂಡು ಹಿಡಿದವನ ಮೊಣಕಾಲು ನೆಲಕ್ಕೆ ತಾಗಿತೋ, ಆಟ ಅಲ್ಲಿಗೆ ನಿಂತಿತು. ಯಾರೂ ಮುಟ್ಟದಿದ್ದರೂ, ತಾನೇ ಜಾರಿ ಬಿದ್ದರೂ ಸರಿ. ಸಂಬಳಕ್ಕೆ ಆಡುವವರ ಆಟದಲ್ಲಿ ಹಾಗಲ್ಲ. ಅಲ್ಲಿ ಎದುರಾಳಿ ಬಂದು ಮುಟ್ಟುವ ತನಕ ಬಿದ್ದವನು ಬಿದ್ದವನಲ್ಲ; ಎದ್ದು ಮತ್ತೆ ಓಡಬಹುದು. ಅಷ್ಟೇ ವ್ಯತ್ಯಾಸ. ಮಕ್ಕಳಿಗೂ ಗೊತ್ತಿರುವ ವ್ಯತ್ಯಾಸ.

ಕಾಲೇಜು ಮುಗಿದ ವರ್ಷ ಉತ್ತರದ ಕೆರೆ ಸೀಮೆಯ ಒಂದು ತಂಡ ಅವನನ್ನು ಆರಿಸಿಕೊಂಡಿತು. ಸೇಂಟ್ ಒಡಿಲ್‌ನಲ್ಲಿ ಗಂಟೆ ಬಾರಿಸಿದರು. ಆದರೆ ಆರಿಸಿಕೊಂಡರು ಎಂದ ಮಾತ್ರಕ್ಕೆ ಇಟ್ಟುಕೊಂಡರು ಎಂದಲ್ಲ. ಬೇಸಿಗೆಯ ಕೊನೆಯಲ್ಲಿ ಬೇಕಾದವರಿಗಿಂತ ಹೆಚ್ಚು ಜನರನ್ನು ಕರೆದು, ಬಿಸಿಲಲ್ಲಿ ಕುದಿಸಿ, ನಾಲ್ಕು ತಾಲೀಮು ಪಂದ್ಯ ಆಡಿಸಿ, ಉಳಿದವರನ್ನು ಮನೆಗೆ ಕಳಿಸುತ್ತಾರೆ. ಕಳಿಸುವ ಕ್ರಮವೂ ವಿಚಿತ್ರ. ಬೆಳಗ್ಗೆ ಒಬ್ಬ ಬೋಳುತಲೆಯ ಮನುಷ್ಯ ಹಾಸ್ಟೆಲಿನ ಓಣಿಯಲ್ಲಿ ನಡೆದು ಬರುತ್ತಾನೆ. ಯಾವ ಬಾಗಿಲು ತಟ್ಟಿದನೋ ಆ ಕೋಣೆಯವನ ಕತೆ ಮುಗಿಯಿತು. ಒಳ್ಳೆಯ ಮನುಷ್ಯನಂತೆ, ಮನೆಯಲ್ಲಿ ಗುಲಾಬಿ ಬೆಳೆಸುತ್ತಿದ್ದನಂತೆ. ಆದರೂ ಊಟದ ಮನೆಯಲ್ಲಿ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ.

ಕಾಲೇಜಿನಲ್ಲಿ ಹುಲಿಯಾಗಿದ್ದವನು ಅಲ್ಲಿ ಇಲಿಯಾದ. ಕಾಲೇಜಿನಲ್ಲಿ ಅವನು ತಿರುಗಿ ನಿಂತ ಮೇಲೆ ಚೆಂಡು ಬರುತ್ತಿತ್ತು. ಇಲ್ಲಿ ತಿರುಗುವ ಮೊದಲೇ ಬಂದು ಹೆಗಲಿಗೆ ಬಡಿಯುತ್ತಿತ್ತು. ಎದುರಿಗೆ ನಿಲ್ಲುವವರು ಅವನಷ್ಟೇ ವೇಗದವರು, ಅವನಿಗಿಂತ ಹತ್ತು ವರ್ಷ ಹೆಚ್ಚು ಕಳ್ಳರು. ವಾದ್ಯದವರಿಲ್ಲ, ಹಾಡಿಲ್ಲ. ಬೆಳಗ್ಗೆ ಕಚೇರಿಗೆ ಬಂದವರಂತೆ ಬಂದು, ಮೈ ಮುರಿದುಕೊಂಡು, ಸಂಜೆ ಮಕ್ಕಳ ಶಾಲೆಯ ಸುದ್ದಿ ಮಾತಾಡುತ್ತ ಹೋಗುವ ಜನ. ಆಟವನ್ನು ಅಷ್ಟು ಬೇಸರದಿಂದ, ಅಷ್ಟು ಚೆನ್ನಾಗಿ ಆಡಬಹುದು ಎನ್ನುವುದು ಟಿ-ನೋಲ್‌ಗೆ ಗೊತ್ತೇ ಇರಲಿಲ್ಲ. ಅಲ್ಲಿಯ ಊಟದಲ್ಲಿ ಅನ್ನವೂ ಇರಲಿಲ್ಲ. ಆಲೂಗಡ್ಡೆ ತಿಂದು ತಿಂದು ಕಾಲು ಭಾರವಾದವು ಎಂದು ಅವನು ಇವತ್ತಿಗೂ ವಾದಿಸುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಎರಡನೇ ತಾಲೀಮು ಪಂದ್ಯವನ್ನು ದೇಶವೆಲ್ಲ ನೋಡುವ ಟೀವಿಯಲ್ಲಿ ತೋರಿಸಿದರು. ನಾನನ್ ಮನೆಯಲ್ಲಿ ಅರ್ಧ ಊರು ಸೇರಿತ್ತು. ಪಂದ್ಯದ ನಡುವೆ ಟಿ-ನೋಲ್‌ಗೆ ಒಂದು ಚೆಂಡು ಬಂತು. ಹಿಂದಕ್ಕೆ ಹಾರಿ ಹಿಡಿದ. ಕಾಲೇಜಿನ ದಿನಗಳನ್ನು ನೆನಪಿಸುವ ಹಿಡಿತ. ಹಿಡಿದ ರಭಸಕ್ಕೆ ಜಾರಿ ಮೊಣಕಾಲೂರಿ ಬಿದ್ದ. ಹತ್ತಿರ ಯಾರೂ ಇರಲಿಲ್ಲ, ಯಾರೂ ಮುಟ್ಟಲಿಲ್ಲ. ಎದ್ದ. ಬಗ್ಗಿದ. ಚೆಂಡನ್ನು ಹುಲ್ಲಿನ ಮೇಲೆ ಮೆಲ್ಲಗೆ ಇಟ್ಟು ಬೆನ್ನು ತಿರುಗಿಸಿ ನಡೆದ.

ಸೀಟಿ ಊದಲಿಲ್ಲ. ಎದುರಾಳಿಯೊಬ್ಬ ಒಂದು ಕ್ಷಣ ನಂಬಲಾರದೆ ನಿಂತು ನೋಡಿದ. ಆಮೇಲೆ ದಾರಿಯಲ್ಲಿ ಬಿದ್ದ ಮಾವಿನ ಹಣ್ಣು ಎತ್ತಿಕೊಂಡಂತೆ ಚೆಂಡನ್ನು ಎತ್ತಿಕೊಂಡು ಮೈದಾನದ ಆ ತುದಿಯ ತನಕ ಓಡಿ ಅಂಕ ಗಳಿಸಿಯೇಬಿಟ್ಟ. ಟಿ-ನೋಲ್ ತನ್ನ ಪಾಡಿಗೆ ನಡೆಯುತ್ತಲೇ ಇದ್ದ. ಚಪ್ಪಾಳೆ ಯಾಕೆ ಬರಲಿಲ್ಲ ಎಂದು ತಲೆ ಎತ್ತಿದಾಗ ಇಡೀ ಮೈದಾನ ನಗುತ್ತಿತ್ತು.

ನಿಯಮ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೊದಲ ವಾರವೇ ಹೇಳಿದ್ದರು, ಅವನೂ ತಲೆಯಾಡಿಸಿದ್ದ. ತಲೆ ಕಲಿತದ್ದು ಕೈಗೆ ತಲುಪಿರಲಿಲ್ಲ, ಅಷ್ಟೇ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಮ್ಮನೆ ಅಲ್ಲ.

ಕೋಚ್ ವಿಟಾಕರ್ ಕೂಗಾಡುವ ಮನುಷ್ಯನಲ್ಲ. ಮರುದಿನ ಅವನನ್ನು ಕರೆದು ಕೂರಿಸಿ, ಬೇಸರದಿಂದ ಕೇಳಿದ. "ಇಲ್ಲಿ ಯಾರಾದ್ರೂ ಬಂದು ಮುಟ್ಟೋ ತನಕ ನೀನು ಸತ್ತಿಲ್ಲ. ಸಾಯದೇ ಇರೋನು ಚೆಂಡು ಯಾಕಪ್ಪಾ ಕೆಳಗಿಟ್ಟೆ?"

ಮೊಟ್ಟೆಯ ವಿಷಯ ಅಲ್ಲಿ ಯಾರಿಗೆ ಹೇಳುವುದು?

ಆಮೇಲಿನ ದಿನಗಳು ಇನ್ನೂ ಕೆಟ್ಟವು. ಟೀವಿಯಲ್ಲಿ ಆ ತುಣುಕನ್ನು ಸಂಗೀತ ಹಾಕಿ ಹಾಕಿ ತೋರಿಸಿದರು. ತಾಲೀಮಿನಲ್ಲಿ ಚೆಂಡು ಬರುವ ಮೊದಲೇ ಅದನ್ನು ಬಿಡಬಾರದು ಎಂಬ ಚಿಂತೆ ಬಂದು, ಹಿಡಿಯುವುದೇ ತಪ್ಪತೊಡಗಿತು. ತಂಡದ ಹಳಬರು ಅವನು ಬಂದಾಗಲೆಲ್ಲ ನೀರಿನ ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದು, ಬಗ್ಗಿ, ನೆಲಕ್ಕಿಟ್ಟು, ಕೈ ಮುಗಿದು ಹೋಗುತ್ತಿದ್ದರು. ಮೂರನೇ ಪಂದ್ಯ ಟೆಕ್ಸಾಸ್‌ನಲ್ಲಿತ್ತು. ಅವನನ್ನು ಬೆಂಚಿನಿಂದ ಏಳಿಸಲೇ ಇಲ್ಲ. ಪಂದ್ಯ ಮುಗಿದ ಮೇಲೆ ಎರಡು ದಿನ ರಜೆ ಸಿಕ್ಕಿತು. ನಿಮ್ಮೂರು ಇಲ್ಲಿಂದ ಹತ್ತಿರ ತಾನೇ, ಹೋಗಿ ಬಾ, ಕೊನೆಯ ಪಂದ್ಯದಲ್ಲಿ ಒಂದೆರಡು ಚೆಂಡು ನಿನ್ನ ಕಡೆಗೂ ಎಸೆಸುತ್ತೇನೆ, ಆಮೇಲೆ ನೋಡೋಣ ಎಂದ ಕೋಚ್. ಆ 'ನೋಡೋಣ' ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು.

ಬಸ್ಸು ಅವನನ್ನು ಯೂಸೆಬ್‌ನ ಅಂಗಡಿಯ ಮುಂದೆಯೇ ಇಳಿಸಿತು. ತಲೆ ತಪ್ಪಿಸಿಕೊಂಡು ಹೋಗುವ ಹಾಗಿರಲಿಲ್ಲ. ಯೂಸೆಬ್ ಹೊರಗೆ ಬಂದು, ಕರುಳಿನಲ್ಲಿ ಅನ್ನ ಮಾಂಸ ತುಂಬಿ ಬೇಯಿಸಿದ ಬಿಸಿ ಬುಡಾನ್ ಒಂದನ್ನು ಕಾಗದದಲ್ಲಿ ಸುತ್ತಿ ಅವನ ಕೈಯಲ್ಲಿಟ್ಟ.

"ತಗೊಳ್ಳಪ್ಪಾ, ತಿನ್ನು. ನೆಲಕ್ಕೆ ಮಾತ್ರ ಇಡಬೇಡ, ನಾಯಿ ಇದೆ."

ಅಂಗಡಿಯ ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಟಿ-ನೋಲ್‌ಗೂ ನಗು ಬಂತು. ಊರವರ ನಗೆ ಬೇರೆ, ಟೀವಿಯವರ ನಗೆ ಬೇರೆ. ಊರವರು ನಕ್ಕು ಆದಮೇಲೆ ಊಟಕ್ಕೆ ಕರೆಯುತ್ತಾರೆ. ಆದರೆ ಯೂಸೆಬ್ ಅವನನ್ನು ಪಕ್ಕಕ್ಕೆ ಕರೆದು, ಮುದುಕಿ ಹತ್ತು ದಿನದಿಂದ ಚರ್ಚಿಗೂ ಬಂದಿಲ್ಲ, ಹೋಗಿ ನೋಡು ಎಂದು ಮೆಲ್ಲಗೆ ಹೇಳಿದ. ಬುಡಾನಿನ ರುಚಿ ಅಲ್ಲಿಗೆ ಹೋಯಿತು.

ನಾನನ್ ಮನೆಯಲ್ಲಿ ಟೀವಿಯನ್ನು ಗೋಡೆಯ ಕಡೆ ತಿರುಗಿಸಿ ಮೇಲೆ ಮೇಜುಬಟ್ಟೆ ಹೊದಿಸಿತ್ತು. ಅವಳು ಅವನ ಕೆನ್ನೆಗೆ ಮುತ್ತಿಟ್ಟು, ಅನ್ನ ಬಡಿಸಿ, ಬೆಂಡೆಕಾಯಿ ಹುರಿದದ್ದು ಹಾಕಿ, ಎದುರಿಗೆ ಕೂರದೆ ಸಿಂಕಿನ ಕಡೆ ಮುಖ ಮಾಡಿ ನಿಂತಳು. ಮನೆ ತುಂಬ ಕೋಳಿಯಿದ್ದರೂ ತಟ್ಟೆಯಲ್ಲಿ ಮೊಟ್ಟೆ ಇರಲಿಲ್ಲ. ಮೊಟ್ಟೆಯನ್ನೆಲ್ಲ ಪಕ್ಕದ ಮನೆಗೆ ಕೊಟ್ಟುಬಿಡುತ್ತಿದ್ದಾಳೆ ಎಂದು ಅವನಿಗೆ ಆಮೇಲೆ ಗೊತ್ತಾಯಿತು.

ತನ್ನ ಮೇಲೆ ಸಿಟ್ಟೇ ಎಂದು ಅವನು ಕೇಳಿದ. ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ನಿನ್ ಮೇಲೆ ಯಾಕೆ? ಅಂಗಿ ತುಂಬ ಮೊಟ್ಟೆ ಹೊತ್ಕೊಂಡ್ ಬರ್ತಿದ್ದೆ, ಇಡು ಇಡು ಅಂತ ನಾನೇ ತಲೆ ತಿಂದೆ. ಆವತ್ತು ಟೀವಿಲಿ ಎಲ್ಲ ನಗ್ತಿದ್ರಲ್ಲ, ನಂಗೆ ನಿನ್ ಕೈ ಕಾಣ್ಲಿಲ್ಲ ಷಾ. ನನ್ ಕೈ ಕಾಣ್ತು."

ಟಿ-ನೋಲ್ ಉಣ್ಣುವುದನ್ನು ನಿಲ್ಲಿಸಿದ. ಚಪ್ಪಾಳೆ ಬಿದ್ದಾಗಲೂ ಆ ಕೈ ನಿನ್ನದೇ ಆಗಿತ್ತಲ್ಲ ಎಂದು ಹೇಳಬೇಕಿತ್ತು. ತಂಡದವರು ಕಳಿಸಿದರೆ ಕಳಿಸಲಿ, ಆ ತಪ್ಪನ್ನು ಇವಳು ಸಾಯುವ ತನಕ ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಾಳಲ್ಲ ಎಂಬುದೇ ಅವನಿಗೆ ತಡೆಯಲಾರದ ನೋವಾಯಿತು. ಕೆಲಸ ಉಳಿಸಿಕೊಳ್ಳಲೇಬೇಕು ಎಂದು ಅವನಿಗೆ ಛಲ ಹುಟ್ಟಿದ್ದು ಆ ಅಡುಗೆಮನೆಯಲ್ಲಿ, ಅರ್ಧ ಉಂಡ ತಟ್ಟೆಯ ಮುಂದೆ. ಹೇಗೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನಕ್ಕೆ ಬಸ್ಸು. ಕಳಿಸುವ ಮೊದಲು ಗಂಬೊ ಮಾಡಿ ಉಣ್ಣಿಸಬೇಕೆಂದು ನಾನನ್ ಬೆಳಗ್ಗೆಯೇ ಹಿಟ್ಟು ಹುರಿಯತೊಡಗಿದಳು. ಕೈ ಬಿಡುವಿಲ್ಲದೆ ತಿರುವುತ್ತ, ಮೊಟ್ಟೆ ನಿಲ್ಲಿಸಿದ ಆ ಕೆಂಪು ಹೇಂಟೆಯನ್ನು ಹಿಡಿದುಕೊಂಡು ಬಾ ಎಂದಳು. ಟಿ-ನೋಲ್ ಆಗಲೇ ಪ್ರಯಾಣದ ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದ.

ಹೇಂಟೆಗೆ ವಯಸ್ಸಾಗಿತ್ತು, ಬುದ್ಧಿ ಮಾತ್ರ ಚುರುಕು. ಮನೆಯ ಅಡಿಗೆ ನುಗ್ಗಿತು, ಅವನೂ ತೆವಳಿಕೊಂಡು ನುಗ್ಗಿದ. ಆ ಕಡೆಯಿಂದ ಹೊರಬಿದ್ದು ನೀರಿನ ತೊಟ್ಟಿ ಸುತ್ತಿತು, ಟ್ರ್ಯಾಕ್ಟರ್ ಹತ್ತಿ ಇಳಿಯಿತು, ಬೇಲಿಯ ಸಂದಿಯಲ್ಲಿ ತೂರಿ ಗದ್ದೆಯ ಬದುವಿಗೆ ಓಡಿತು. ಟಿ-ನೋಲ್ ಬೇಲಿ ಹಾರಿದ. ಹಿಂದಿನ ವಾರವಷ್ಟೇ ಕೊಯ್ಲಿಗೆಂದು ಗದ್ದೆಯ ನೀರು ಹರಿಯಬಿಟ್ಟಿದ್ದ ಕಾಲುವೆಯ ಅಂಚಿನಲ್ಲಿ ಕೋಳಿ ರೆಕ್ಕೆ ಬಿಚ್ಚಿತು. ಅವನು ಮೈ ಚೆಲ್ಲಿ ನೆಗೆದ. ಹಿಡಿದ. ಹಿಡಿದುಕೊಂಡೇ ಜಾರಿ, ಕಾಲುವೆಯ ಕೆಸರಿಗೆ ಬೋರಲು ಬಿದ್ದ.

ಕೋಳಿ ಎದೆಯ ಕೆಳಗಿತ್ತು. ಒದೆಯಿತು, ಕುಕ್ಕಿತು, ಒಂದು ರೆಕ್ಕೆ ಹೊರಗೆ ತಂದು ಮುಖಕ್ಕೆ ಬಡಿಯಿತು. ಬಾಯಲ್ಲಿ ಕೆಸರು, ಕಣ್ಣಲ್ಲಿ ಪುಕ್ಕ. ಎರಡು ಮೊಣಕಾಲೂ ನೆಲದಲ್ಲಿ. ಆದರೆ ಅವನ ಕೈ ಬಿಡಲಿಲ್ಲ. ಬಿಡಬೇಡ ಎಂದು ಅವನು ಕೈಗೆ ಹೇಳಿಯೂ ಇರಲಿಲ್ಲ. ಅದು ತಾನಾಗಿ ಬಿಗಿಯಾಗಿತ್ತು. ಅಲ್ಲಿ ಮಲಗಿಕೊಂಡೇ ಟಿ-ನೋಲ್ ಆ ಕೈಯನ್ನು ಬೇರೆ ಯಾರದೋ ಕೈಯನ್ನು ನೋಡಿದಂತೆ ನೋಡಿದ. ಆಮೇಲೆ ಕೆಸರಿನಲ್ಲಿ ಬಿದ್ದುಕೊಂಡೇ ನಗತೊಡಗಿದ.

ಇಷ್ಟು ದಿನ ಅವನು ತನ್ನ ಕೈಗೆ ಹೊಸ ಬುದ್ಧಿ ಕಲಿಸಲು ಹೆಣಗುತ್ತಿದ್ದ. ಕಲಿಸುವುದು ಏನೂ ಇರಲಿಲ್ಲ. ಕೈಗೆ ಎರಡೂ ಗೊತ್ತಿತ್ತು, ಮೊಟ್ಟೆಯೂ ಗೊತ್ತಿತ್ತು, ಕೋಳಿಯೂ ಗೊತ್ತಿತ್ತು. ಕಾಲೇಜಿನ ಚೆಂಡು ಮೊಟ್ಟೆಯಾಗಿತ್ತು. ಈ ಚೆಂಡು ಕೋಳಿ. ಬಿದ್ದರೂ ಮುಗಿಯಲಿಲ್ಲ, ಬಿಟ್ಟರೆ ಓಡುತ್ತದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ; ಈ ಮದ್ದು ಹಿತ್ತಲಲ್ಲೇ ಮೇಯುತ್ತಿತ್ತು.

ನಾನನ್ ಸೌಟು ಹಿಡಿದುಕೊಂಡೇ ಹಿಂಬಾಗಿಲಿಗೆ ಬಂದಿದ್ದಳು. ಒಳ್ಳೆಯ ಅಂಗಿ, ಒಳ್ಳೆಯ ಪ್ಯಾಂಟು, ತಲೆಯ ತುಂಬ ಕೆಸರು, ಕಂಕುಳಲ್ಲಿ ಕಿರುಚುವ ಕೋಳಿ. ಹತ್ತು ದಿನದಲ್ಲಿ ಮೊದಲ ಸಲ ಅವಳಿಗೆ ನಗು ತಡೆಯಲಾಗಲಿಲ್ಲ. ಮೊದಲು ಆ ಕೋಳಿ ಕೆಳಗಿಟ್ಟು ಮುಖ ತೊಳೆದುಕೊಳ್ಳೋ ಎಂದಳು.

"ಇಡಲ್ಲ ನಾನನ್. ನೀನೇ ಕೈ ಚಾಚು."

ಅವಳು ಅವನ ಮುಖ ನೋಡಿದಳು. ಏನು ನೋಡಿದಳೋ, ಏನು ತಿಳಿಯಿತೋ, ಸೌಟನ್ನು ಬಾಗಿಲಿಗೆ ಒರಗಿಸಿ ಎರಡೂ ಕೈ ಚಾಚಿದಳು. ಅವನು ಕೋಳಿಯನ್ನು ಅವಳ ಕೈಗೆ ಕೊಟ್ಟ. ಅಷ್ಟರಲ್ಲಿ ಒಲೆಯ ಮೇಲಿನ ಹಿಟ್ಟು ಸೀದು ಹೋಗಿತ್ತು. ಸೀದ ಹಿಟ್ಟಿನ ಗಂಬೊವನ್ನು ನಾಯಿಯೂ ಮುಟ್ಟುವುದಿಲ್ಲ. ಆ ದಿನ ಅನ್ನಕ್ಕೆ ಹುರಿದ ಸೀಗಡಿಯೇ ಗತಿಯಾಯಿತು. ಆ ಹೇಂಟೆಯನ್ನು ನಾನನ್ ಆಮೇಲೂ ಕೊಯ್ಯಲಿಲ್ಲ. ಅದು ಒಂದು ಮೊಟ್ಟೆಯನ್ನೂ ಇಡದೆ, ಮನೆಯ ಹಿರಿಯಳಂತೆ ಅಂಗಳದಲ್ಲಿ ಓಡಾಡಿಕೊಂಡು, ತನ್ನ ಕಾಲ ಬಂದಾಗ ಸತ್ತಿತು.

ಕೊನೆಯ ಪಂದ್ಯದ ದಿನ ಮಳೆ. ಅರ್ಧ ಆಟ ಮುಗಿದ ಮೇಲೆ ಟಿ-ನೋಲ್‌ನನ್ನು ಒಳಗೆ ಬಿಟ್ಟರು. ಅವನು ಕಾಲಿಡುತ್ತಲೇ ಜನ ಗುರುತು ಹಿಡಿದು ಕೇಕೆ ಹಾಕಿದರು. ಕೋಚ್ ಮಾತಿಗೆ ತಪ್ಪಲಿಲ್ಲ. ಚೆಂಡು ಬಂತು, ಅವನು ತಿರುಗುವ ಮೊದಲೇ ಬಂತು, ಹೆಗಲ ಮೇಲೆ ಹಾರಿ ಹೋಗುವುದರಲ್ಲಿತ್ತು. ಬೇಲಿ ಹಾರುವ ಕೋಳಿಯನ್ನು ಹಿಡಿದಂತೆ ಹಿಂದಿನಿಂದ ಹಿಡಿದ. ಒದ್ದೆ ಹುಲ್ಲಿನಲ್ಲಿ ಕಾಲು ಜಾರಿತು, ಎರಡೂ ಮೊಣಕಾಲು ನೆಲಕ್ಕೆ ಬಡಿದವು. ಸುತ್ತ ಯಾರೂ ಇರಲಿಲ್ಲ. ಮತ್ತೆ ಅದೇ. ಇಡುತ್ತಾನೆ ನೋಡಿ ಎಂದು ಇಡೀ ಮೈದಾನ ಬಾಯಿ ತೆರೆದು ಕಾಯಿತು.

ಅವನು ಚೆಂಡನ್ನು ಕಂಕುಳಿಗೆ ಒತ್ತಿಕೊಂಡು ಎದ್ದು ಓಡಿದ. ಬಹಳ ದೂರವೇನೂ ಅಲ್ಲ. ಒಬ್ಬನನ್ನು ತಪ್ಪಿಸಿದ, ಎರಡನೆಯವನು ಸೊಂಟಕ್ಕೆ ಬಿದ್ದ, ಮೂರನೆಯವನು ಮೇಲಿಂದ ಬಂದು ಎಡಗೈಯ ಮೇಲೆ ಎರಗಿದ. ಬೆರಳು ಲಟ್ಟೆಂದದ್ದು ಅವನಿಗೇ ಕೇಳಿಸಿತು. ನಾಲ್ಕನೆಯವನು ಸುಮ್ಮನೆ ಇರಲಿ ಎಂದು ಮೇಲೆ ಬಿದ್ದ. ಸೀಟಿ ಊದಿದರು. ಒಬ್ಬೊಬ್ಬರೇ ಎದ್ದು ಹೋದರು. ಟಿ-ನೋಲ್ ಮಾತ್ರ ಚೆಂಡನ್ನು ಎದೆಯಡಿ ಇಟ್ಟುಕೊಂಡು ಕೆಸರಿನಲ್ಲಿ ಹಾಗೇ ಮಲಗಿದ್ದ. ನರೆತ ಮೀಸೆಯ ಅಂಪೈರ್ ಬಂದು, ಮುಗಿಯಿತು, ಚೆಂಡು ಕೊಡು ಎಂದ. ಟಿ-ನೋಲ್ ಬಿಡಲಿಲ್ಲ. ಅಂಪೈರ್ ಎರಡನೇ ಸಲ ಕೇಳಿದ. ಆಗ ಟಿ-ನೋಲ್ ತಲೆ ಎತ್ತಿದ. ನೋವಿನಲ್ಲಿ ಅವನಿಗೆ ಊರೂ ಮೈದಾನವೂ ಒಂದಾಗಿದ್ದಿರಬೇಕು.

"ಕ್ಯಾಪ್ಟನ್ ನೀವೇನಾ?"

ಅಂಪೈರ್ ಅವನ ಕೈಯನ್ನು ನೋಡಿದ, ಮುಖವನ್ನು ನೋಡಿದ, ಪಕ್ಕದಲ್ಲಿ ಮೊಣಕಾಲೂರಿ ಕೂತ.

"ಇವತ್ತಿಗೆ ನಾನೇ ಅನ್ಕೋ. ಕೊಡಪ್ಪಾ."

ಟಿ-ನೋಲ್ ಚೆಂಡನ್ನು ಅವನ ಕೈಗೆ ಕೊಟ್ಟ.

ಬಾಗಿಲು ತಟ್ಟುವ ದಿನ ಬೆಳಗ್ಗೆ ಅವನು ಹಾಸಿಗೆಯ ಮೇಲೆ ಕೂತಿದ್ದ, ಎಡಗೈಗೆ ಪಟ್ಟಿ, ಪಕ್ಕದಲ್ಲಿ ಕಟ್ಟಿಟ್ಟ ಚೀಲ. ಅವನ ಜೊತೆಗಾರನ ಮಂಚ ಹಿಂದಿನ ವಾರವೇ ಖಾಲಿಯಾಗಿತ್ತು. ಓಣಿಯಲ್ಲಿ ಬೋಳುತಲೆಯವನ ಬೂಟಿನ ಸದ್ದು ಬಂತು. ಒಂದು ಬಾಗಿಲು ತಟ್ಟಿತು. ಮತ್ತೆ ನಡೆಯಿತು. ಅವನ ಬಾಗಿಲ ಮುಂದೆ ಬಂದು ನಿಂತಿತು. ಟಿ-ನೋಲ್ ಎದ್ದು ಚೀಲ ಎತ್ತಿಕೊಂಡ. ಹೊರಗೆ ಮೂಗು ಒರೆಸಿಕೊಂಡ ಸದ್ದಾಯಿತು. ಆ ಮನುಷ್ಯನಿಗೆ ಮಳೆಯಲ್ಲಿ ನೆಂದು ನೆಗಡಿಯಾಗಿತ್ತು. ಬೂಟಿನ ಸದ್ದು ಮುಂದಕ್ಕೆ ಹೋಗಿ ಪಕ್ಕದ ಬಾಗಿಲು ತಟ್ಟಿತು. ಪಕ್ಕದವನಿಗಾಗಿ ಅವನಿಗೆ ಅಯ್ಯೋ ಅನ್ನಿಸಿತು. ಎತ್ತಿದ್ದ ಚೀಲವನ್ನು ಸದ್ದಾಗದಂತೆ ಕೆಳಗಿಟ್ಟ.

ಆಮೇಲೆ ಅವನು ಅಲ್ಲಿ ಐದಾ‌ರು ವರ್ಷ ಆಡಿದ. ತಾರೆಯಾಗಲಿಲ್ಲ. ಕೆಲವು ಭಾನುವಾರ ಎರಡು ಚೆಂಡು ಹಿಡಿದ, ಕೆಲವು ಭಾನುವಾರ ಒಂದೂ ಇಲ್ಲ. ಆ ಬೇಸರದ ಜನರ ಜೊತೆ ತಾನೂ ಕೆಲಸಕ್ಕೆ ಹೋಗಿ ಬಂದ, ಅವರ ಮಕ್ಕಳ ಹೆಸರುಗಳನ್ನೂ ಕಲಿತ. ಮಂಡಿ ಸವೆದಾಗ ಊರಿಗೆ ಬಂದು ಗದ್ದೆ ಹಿಡಿದ. ಕಾಲೇಜಿನ ಆ ಚಪ್ಪಾಳೆ ನೆನಪಾಗುವುದಿಲ್ಲವೇ ಎಂದರೆ ನೆನಪಾಗುತ್ತದೆ ಎನ್ನುತ್ತಾನೆ, ಅದಕ್ಕಾಗಿ ಒಂದು ದಿನವೂ ನಿದ್ದೆಗೆಟ್ಟಿಲ್ಲ. ಯೂಸೆಬ್‌ಗೆ ಕುದುರೆ ಏರಲಾಗದಂತಾದ ಮೇಲೆ ಬಿಳಿ ಬಾವುಟ ಅವನ ಕೈಗೆ ಬಂತು. ಕೋಳಿ ಹಿಡಿದವರು ಈಗ ಓಡಿ ಬಂದು ಕೊಡುವುದು ಆ ಡೊಂಕು ಬೆರಳಿನ ಕೈಗೆ.

ಆದರೆ ಅಂಗಡಿಯ ಕಟ್ಟೆಯ ಮೇಲೆ ಇದನ್ನೆಲ್ಲ ಯಾರೂ ಹೇಳುವುದಿಲ್ಲ. ಅಲ್ಲಿ ಕತೆ ಮುಗಿಯುವುದು ಆ ಬೆಳಗಿನ ಫೋನಿನಲ್ಲಿ. ನಾನನ್ ಪಂದ್ಯ ನೋಡಿರಲಿಲ್ಲ. ಟೀವಿ ಇನ್ನೂ ಗೋಡೆ ನೋಡುತ್ತಿತ್ತು, ನೋಡಿದವರು ಯಾರೂ ಬಂದು ಹೇಳದಂತೆ ಅವಳು ಗೇಟಿಗೂ ಬೀಗ ಹಾಕಿದ್ದಳು. ಅವನ ಬಾಯಿಂದಲೇ ಕೇಳಬೇಕು ಎಂದು ಹಟ. ಬೂಟಿನ ಸದ್ದು ಪೂರ್ತಿ ನಿಂತ ಮೇಲೆ ಟಿ-ನೋಲ್ ಕೆಳಗಿಳಿದು ಹೋಗಿ, ಬಲಗೈಯಲ್ಲಿ ಫೋನು ಹಿಡಿದು, ಉಳಿದೆ ನಾನನ್ ಎಂದ.

ಆ ಕಡೆ ಕೋಳಿಗಳ ಸದ್ದಿನ ನಡುವೆ ಅವಳು ಕೇಳಿದ್ದು ಒಂದೇ ಮಾತು.

"ಕೈಗೇ ಕೊಟ್ಯಾ?"

"ಕೈಗೇ ಕೊಟ್ಟೆ."

ಹಾಗಾದರೆ ಸರಿ, ಒಲೆಯ ಮೇಲೆ ಮೊಟ್ಟೆ ಇದೆ ಎಂದು ಹೇಳಿ, ನಾನನ್ ಒಲಿಟ್ ಬಗ್ಗಿ, ಫೋನನ್ನು ಅದರ ಜಾಗದಲ್ಲಿ ಸದ್ದಾಗದಂತೆ ಇಟ್ಟು, ಆಮೇಲೆ ಕೈ ಬಿಟ್ಟಳು.